ಅವ್ವನ ಪುಸ್ತಕದ ಗಾಡಿ ಖಾತೆ

ನಾಲ್ಕು ಮಂದಿ ಕೂಡಿದಲ್ಲಿ ಹಳೆಯ ದರಗಳ ಮಾತು ಶುರುವಾದರೆ ಬೇಗ ಮುಗಿಯುವುದಿಲ್ಲ. ಹೆಂಗಸರು ಕೂಡಿದ್ದರೆ ಬಂಗಾರ ತೊಲೆಗೆ ಎಷ್ಟಿತ್ತು, ಇಳಕಲ್ ಸೀರೆಗೆ ಎಷ್ಟು ಕೊಟ್ಟಿದ್ದೆವು, ತೊಗರಿಬೇಳೆಗೆ ಎಷ್ಟಿತ್ತು ಎಂಬ ಲೆಕ್ಕ. ಗಂಡಸರು ಕೂಡಿದ್ದರೆ ಪೆಟ್ರೋಲು, ಸಿನಿಮಾ ಟಿಕೀಟು, ಮೋಟಾರ್ ಸೈಕಲ್ಲಿನ ಸಾಮಾನು. ಎರಡೂ ಗುಂಪಿನ ಮಾತು ಕೊನೆಗೆ ಬಂದು ನಿಲ್ಲುವುದು ಮಾತ್ರ ಒಂದೇ ಕಡೆ: “ಆಗ ಎಲ್ಲಾ ಸೋವಿ ಇತ್ತು ಬಿಡ್ರಿ.” ಎಲ್ಲರೂ ಹೌದೆಂದು ತಲೆಯಾಡಿಸಿ ಚಹಾದ ಕಪ್ಪು ಕೆಳಗಿಡುತ್ತಾರೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಮೂವತ್ತು ವರ್ಷ ಕಳೆದಿರುವ ನನಗೆ ಅಷ್ಟಕ್ಕೆ ಸುಮ್ಮನಾಗಲು ಬರುವುದಿಲ್ಲ. ಸೋವಿ ಇತ್ತು ಸರಿ, ಯಾರಿಗೆ ಸೋವಿ ಇತ್ತು? ಆ ರೊಕ್ಕ ಯಾರ ಕೈಯಿಂದ ಬಂತು? ರಾಜರ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ಹಾಗೆ ಮನೆಯ ದರಗಳ ಇತಿಹಾಸವನ್ನೂ ಯಾರಾದರೂ ಸರಿಯಾಗಿ ಬರೆದಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಇಲ್ಲಿ ನಾನು ಬರೆಯಹೊರಟಿರುವುದು ಹಳೆಯ ಮೋಟಾರ್ ಸೈಕಲ್ ಎಂಜಿನ್ನಿನ ಸಾಮಾನುಗಳ ದರದ ಬಗ್ಗೆ. ಓದುವ ಅಕ್ಕತಂಗಿಯರು ‘ಇದೇನು ಗಂಡಸರ ವಿಷಯ’ ಎಂದು ಪುಟ ತಿರುವಬೇಡಿ. ಸ್ವಲ್ಪ ಮುಂದೆ ಬನ್ನಿ, ನಿಮ್ಮ ಮನೆಯ ಡಬ್ಬಿಯ ರೊಕ್ಕವೂ ಇದರಲ್ಲಿ ಬರುತ್ತದೆ.

ನಾವು ಇರುವುದು ದಾಂಡೇಲಿಯ ಮಗ್ಗುಲಿಗೆ ಕಾಳಿ ನದಿಯ ದಂಡೆಯ ಮೌಳಂಗಿಯಲ್ಲಿ. ಹಿಂದೆ ದಾಂಡೇಲಿ ಎಂದರೆ ತೇಗದ ನಾಟಾ, ಕಾಗದದ ಕಾರ್ಖಾನೆ ಮತ್ತು ಮಳೆ. ಈಗ ಮೌಳಂಗಿ ಎಂದರೆ ಅರಣ್ಯ ಇಲಾಖೆಯ ಇಕೋ ಪಾರ್ಕು, ಹೊಳೆಯ ನೀರಿನಲ್ಲಿ ಕಾಲಿಟ್ಟು ಕುಳಿತ ಪ್ರವಾಸಿಗರು ಮತ್ತು ಹೋಮ್ ಸ್ಟೇಗಳು. ಶನಿವಾರ ಸಂಜೆಯಾಯಿತೆಂದರೆ ಬೆಂಗಳೂರು, ಹುಬ್ಬಳ್ಳಿ, ಗೋವಾ ಕಡೆಯಿಂದ ಬೈಕಿನವರ ಸಾಲು. ಅವುಗಳಲ್ಲಿ ಒಂದೆರಡು ಹಳೆಯ ಗಾಡಿಗಳೂ ಇರುತ್ತವೆ. ಜಾವಾ, ಯೆಜ್ಡಿ, ಆರ್‌ಎಕ್ಸ್ ಹಂಡ್ರೆಡ್. ತೊಳೆದು ಒರೆಸಿ, ಟ್ಯಾಂಕಿಗೆ ಹೊಸ ಬಣ್ಣ ಬಳಿಸಿ, ಕ್ರೋಮ್ ಮಾಡಿಸಿ, ಮದುಮಗನ ಹಾಗೆ ಸಿಂಗರಿಸಿಕೊಂಡು ಬರುತ್ತವೆ. ಓಡಿಸುವ ಹುಡುಗರು ಆ ಗಾಡಿಗಳ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದವರು. ಚಹಾದಂಗಡಿಯಲ್ಲಿ ಅವರ ಮಾತು ಕಿವಿಗೆ ಬಿದ್ದರೆ, “ಈ ಪಿಸ್ಟನ್ ಆಗ ಇನ್ನೂರು ರೂಪಾಯಿಗೆ ಸಿಗ್ತಿತ್ತಂತೆ ಕಣೋ” ಎಂಬ ನಿಟ್ಟುಸಿರು. ತಾವು ಕಾಣದ ಕಾಲದ ದರಕ್ಕಾಗಿ ಹಂಬಲಿಸುವವರನ್ನು ನಾನು ನೋಡಿದ್ದು ಇವರಲ್ಲಿಯೇ ಮೊದಲು.

ನಮ್ಮ ಭಾಗಕ್ಕೆ ಮೋಟಾರ್ ಸೈಕಲ್ಲುಗಳು ಹೆಚ್ಚಾಗಿ ಬಂದದ್ದು ಕಾಳಿ ಯೋಜನೆಯ ಕಾಲದಲ್ಲಿ. ಸೂಪಾ ಅಣೆಕಟ್ಟಿನ ಕೆಲಸ ಎಪ್ಪತ್ತರ ದಶಕದಲ್ಲಿ ಶುರುವಾಗಿ 1987ರಲ್ಲಿ ಮುಗಿಯಿತು. ಹಳೆಯ ಸೂಪಾ ಪಟ್ಟಣ ನೀರಿನಡಿ ಹೋಯಿತು, ಅಲ್ಲಿಯ ಜನ ರಾಮನಗರದ ಕಡೆ ಬಂದು ನೆಲೆಸಿದರು, ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಅಂಬಿಕಾನಗರ, ಗಣೇಶಗುಡಿಯ ರಸ್ತೆಗಳಲ್ಲಿ ಎಂಜಿನಿಯರು, ಓವರ್‌ಸಿಯರು, ಗುತ್ತಿಗೆದಾರರ ಗಾಡಿಗಳು ಓಡಾಡಿದವು. ಶಾಲೆಗೆ ನಡೆದು ಹೋಗುವಾಗ ಸದ್ದಿನ ಮೇಲೆಯೇ ಯಾವ ಗಾಡಿ ಎಂದು ಹೇಳುವುದು ನಮಗೊಂದು ಆಟವಾಗಿತ್ತು. ಬುಲೆಟ್ಟಿನದು ತೂಕದ ಸದ್ದು. ಯೆಜ್ಡಿಯದು ಖಾಲಿ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು. ಅದು ಹೋದ ಮೇಲೆ ನೀಲಿ ಹೊಗೆ ಮತ್ತು ಸುಟ್ಟ ಎಣ್ಣೆಯ ವಾಸನೆ ಕಾಡಿನ ರಸ್ತೆಯ ತುಂಬ ನಿಂತಿರುತ್ತಿತ್ತು.

ಈ ಯೆಜ್ಡಿ ನಮ್ಮ ಮೈಸೂರಿನ ಕೂಸು ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದರ ಅಜ್ಜನ ಮನೆ ಪ್ರಾಗ್ ನಗರ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರ, ಆ ಕಂಪನಿಯ ಮೊದಲ ಎರಡಕ್ಷರ ಸೇರಿಸಿ ‘ಜಾವಾ’ ಎಂದು ಹೆಸರಿಟ್ಟ. ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರ ಹೊರಗಿನ ಗಾಡಿಗಳ ಆಮದಿಗೆ ಸರಕಾರ ಕಡಿವಾಣ ಹಾಕಿದ ಮೇಲೆ, ಇಲ್ಲಿಯೇ ತಯಾರಿಸಬೇಕೆಂದು ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಕಂಪನಿ 1960ರಲ್ಲಿ ಸ್ಥಾಪನೆಯಾಗಿ ಮರುವರ್ಷ ಗಾಡಿಗಳು ಹೊರಬಂದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಗಾಡಿಗೆ ‘ಯೆಜ್ಡಿ’ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರು ಅದು ಎನ್ನುತ್ತಾರೆ. 1978ರಲ್ಲಿ ‘ರೋಡ್‌ಕಿಂಗ್’ ಬಂತು. ಇನ್ನೂರೈವತ್ತು ಸಿ.ಸಿ.ಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಕಿಕ್ಕರ್ ಒದ್ದ ಅದೇ ಸಲಾಕೆಯನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗಿಯರ್. ಒಂದೇ ಪಾತ್ರೆಯಲ್ಲಿ ಅನ್ನವನ್ನೂ ಮಾಡಿ ಸಾರನ್ನೂ ಮಾಡುವ ಜಾಣ ಗೃಹಿಣಿಯ ಹಾಗೆ ಅದನ್ನು ಮಾಡಿದವರು ಯಾರೋ ಎಂದು ನನಗೆ ಬೆರಗಾಗುತ್ತಿತ್ತು.

ಕಂಪನಿಯವರು ಕೊಟ್ಟ ಗಾಡಿಯಲ್ಲಿ ತೃಪ್ತಿಪಡುವವರು ಕೆಲವರು. ಇನ್ನು ಕೆಲವರಿಗೆ ‘ಪಿಕಪ್’ ಬೇಕು. ನಮ್ಮ ಅಣ್ಣ ಎರಡನೆಯ ಗುಂಪಿನವನು. ಈ ಪಿಕಪ್ ಎಂಬ ಮಾಯೆ ಏನೆಂದು ಅಣ್ಣನ ಮಿಸ್ತ್ರಿ ನನಗೊಮ್ಮೆ ಅಂಗಡಿಯಲ್ಲಿಯೇ ಬಿಚ್ಚಿ ತೋರಿಸಿದ್ದರು. ಅದನ್ನು ಮನೆಯ ಮಾತಿನಲ್ಲಿ ಹೇಳುತ್ತೇನೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಂಜಿನ್ನುಗಳಂತೆ ಬಾಗಿಲು ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿಯೇ ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ತಾನೇ ಆ ಕಿಂಡಿಗಳನ್ನು ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಒಂದು ಕಿಂಡಿಯಿಂದ ಹೊಸ ಪೆಟ್ರೋಲು ಗಾಳಿ ಒಳಗೆ, ಇನ್ನೊಂದರಿಂದ ಸುಟ್ಟ ಹೊಗೆ ಹೊರಗೆ. ಕಿಂಡಿಯ ಅಂಚನ್ನು ಕಾನಸಿನಿಂದ ಕೂದಲೆಳೆಯಷ್ಟು ಉಜ್ಜಿದರೆ ಅದು ತೆರೆಯುವ ಹೊತ್ತು ಬದಲಾಗುತ್ತದೆ, ಗಾಡಿಯ ಸ್ವಭಾವವೇ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ದೊಡ್ಡ ಕಾರ್ಬೊರೇಟರ್ ಹಾಕಬೇಕು, ಅದರ ಜೆಟ್ ಬದಲಿಸಬೇಕು. ಸ್ಟೋವಿನ ಪಿನ್ನು ಹಾಕಿ ತೂತು ಸರಿಮಾಡಿದ ಹಾಗೆಯೇ ಇದು. ತೂತು ಕಟ್ಟಿದರೆ ಉರಿ ಇಲ್ಲ, ಹೆಚ್ಚಾದರೆ ಮಸಿ.

ಎಲ್ಲಕ್ಕಿಂತ ಸೋಜಿಗದ್ದು ಸೈಲೆನ್ಸರಿನ ಸಂಗತಿ. ಬಾವಿಗೆ ಬಗ್ಗಿ ಕೂಗಿದರೆ ನಮ್ಮ ದನಿ ತಿರುಗಿ ಬರುವಂತೆ, ಹೊಗೆ ಹೊರಹೋಗುವಾಗ ಕೊಳವೆಯಲ್ಲಿ ಒತ್ತಡದ ಅಲೆ ಎದ್ದು ತಿರುಗಿ ಬರುತ್ತದೆ. ಕೊಳವೆಯ ಉದ್ದ ಮತ್ತು ಆಕಾರ ಸರಿಯಾಗಿದ್ದರೆ, ಆ ತಿರುಗಿ ಬಂದ ಅಲೆ ಸುಡದೆ ಹೊರಬೀಳುತ್ತಿದ್ದ ಹೊಸ ಪೆಟ್ರೋಲನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ಇದನ್ನು ಶಾಸ್ತ್ರೀಯವಾಗಿ ಸಾಧಿಸಿದವರಲ್ಲಿ ಮುಖ್ಯನಾದವನು ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. ಬಡ ದೇಶದ ಆ ಕಾರ್ಖಾನೆಯ ಗಾಡಿಗಳು ಐವತ್ತರ ದಶಕದ ಕೊನೆಯಲ್ಲಿ ಜಗತ್ತಿನ ದೊಡ್ಡ ದೊಡ್ಡ ರೇಸುಗಳಲ್ಲಿ ಶ್ರೀಮಂತ ಕಂಪನಿಗಳಿಗೆ ಬೆವರಿಳಿಸಿದವು. 1961ರಲ್ಲಿ, ಬರ್ಲಿನ್ ಗೋಡೆ ಎದ್ದ ಕೆಲವೇ ವಾರಗಳಲ್ಲಿ, ಅದರ ಮುಖ್ಯ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಹಿಂದಿರುಗದೆ ಪಶ್ಚಿಮಕ್ಕೆ ಓಡಿಹೋದ. ಅವನ ತಲೆಯಲ್ಲಿದ್ದ ವಿದ್ಯೆ ಜಪಾನಿನ ಸುಜುಕಿಗೆ ಸೇರಿತು. 1962ರಲ್ಲಿ ಅದೇ ಡೆಗ್ನರ್ ಸುಜುಕಿಗೆ ಐವತ್ತು ಸಿ.ಸಿ.ಯ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟ. ಈ ಕಥೆಯನ್ನು ಬೈಕಿನ ಹುಚ್ಚಿರುವವರೆಲ್ಲ ಕಣ್ಣರಳಿಸಿ ಹೇಳುತ್ತಾರೆ. ನನಗೆ ಮಾತ್ರ ಅದರಲ್ಲಿ ನೆನಪಿನಲ್ಲಿ ಉಳಿದದ್ದು ಬೇರೆ. ಅವನ ಹೆಂಡತಿ ಮತ್ತು ಮಕ್ಕಳು ಕಾರಿನ ಡಿಕ್ಕಿಯಲ್ಲಿ ಮುದುಡಿಕೊಂಡು ಗಡಿ ದಾಟಿದರಂತೆ. ಎಂಜಿನ್ನಿನ ವೇಗಕ್ಕೆ ಬೆಲೆ ತೆತ್ತವರಲ್ಲಿ ಅವರ ಹೆಸರನ್ನು ಯಾರೂ ಬರೆಯುವುದಿಲ್ಲ.

ನಮ್ಮ ಮೈಸೂರಿನಲ್ಲಿಯೂ ಎಂಜಿನ್ನಿನ ಬೆನ್ನುಹತ್ತಿದವರು ಇದ್ದರು. ಸೋಮೇಂದರ್ ಸಿಂಗ್ ಎಂಬವರು ಅಲ್ಲಿ ಗಾಡಿಗಳ ಎಂಜಿನ್ ತಿದ್ದುತ್ತ, ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಸಣ್ಣ ಗೀರುಗಾಲುವೆಗಳನ್ನು ಕೊರೆದರೆ ಪೆಟ್ರೋಲು ಗಾಳಿ ಚೆನ್ನಾಗಿ ಕಲೆತು ಉರಿಯುತ್ತದೆ ಎಂದು ವಾದಿಸಿ, 2001ರಲ್ಲಿ ಅಮೆರಿಕದ ಪೇಟೆಂಟನ್ನೇ ಪಡೆದರು. ಮದ್ರಾಸಿನ ಹತ್ತಿರ ಶೋಲಾವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದ ಪಟ್ಟಿಯ ಮೇಲೆ ರೇಸುಗಳು ನಡೆಯುತ್ತಿದ್ದವು. ಆ ರೇಸಿನ ಗಾಡಿಗಳಿಗೆ ಮಾಡಿದ ಕೈಚಳಕ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ, ಅಲ್ಲಿಂದ ಹುಬ್ಬಳ್ಳಿಯ ಮಿಸ್ತ್ರಿಗಳಿಗೆ, ಅಲ್ಲಿಂದ ನಮ್ಮ ಅಣ್ಣನಂಥವರ ಕಿವಿಗೆ ಇಳಿದು ಬರುತ್ತಿತ್ತು.

ಅಣ್ಣ ಸೆಕೆಂಡ್ ಹ್ಯಾಂಡ್ ರೋಡ್‌ಕಿಂಗ್ ತಂದದ್ದು 1988ರಲ್ಲಿ, ಎಂಟೂವರೆ ಸಾವಿರಕ್ಕೆ. ಅಪ್ಪ ನಾಟಾ ಡಿಪೋದಲ್ಲಿ ಕಾವಲಿನ ಕೆಲಸದಲ್ಲಿದ್ದರು. ತಿಂಗಳಿಗೆ ಕೈಗೆ ಬರುತ್ತಿದ್ದುದು ಸಾವಿರದ ನೂರು ರೂಪಾಯಿ. ಅಣ್ಣ ವೈರಿಂಗ್ ಕೆಲಸ ಮಾಡುತ್ತಿದ್ದ. ಊರೂರು ತಿರುಗಬೇಕಾದ್ದರಿಂದ ಗಾಡಿ ಬೇಕೇ ಬೇಕಿತ್ತು, ಅದರಲ್ಲಿ ಸುಳ್ಳಿಲ್ಲ. ಅವನು ಕೂಡಿಟ್ಟದ್ದು ಅರ್ಧ, ಉಳಿದರ್ಧಕ್ಕೆ ಅವ್ವನ ಎರಡು ಬಳೆ ಹೋದವು.

ಅವ್ವ ಓದಿದ್ದು ಮರಾಠಿ ನಾಲ್ಕನೆಯ ಇಯತ್ತೆ. ಕನ್ನಡ ಅಕ್ಷರಗಳನ್ನು ನಮ್ಮ ಜೊತೆಗೆ ಕುಳಿತು ಕಲಿತಳು. ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನದ ಖರ್ಚು ಬರೆಯುವುದು ಅವಳ ರೂಢಿ. ಅಕ್ಕಿ, ಎಣ್ಣೆ, ಸೀಮೆಎಣ್ಣೆ, ಶಾಲೆ, ದವಾಖಾನೆ ಎಂದು ಒಂದೊಂದಕ್ಕೂ ಬೇರೆ ಬೇರೆ ಪುಟ. 1988ರ ಪುಸ್ತಕದಲ್ಲಿ ‘ಗಾಡಿ’ ಎಂಬ ಹೊಸ ಪುಟ ಹುಟ್ಟಿತು. ಅವಳು ತೀರಿಕೊಂಡ ಮೇಲೆ ಆ ಪುಸ್ತಕಗಳು ನನ್ನ ಪಾಲಿಗೆ ಬಂದವು. ವೈನಿ ತಾವೇ ಅವನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟರು.

ಗಾಡಿ ಖಾತೆಯಿಂದ ಕೆಲವು ಸಾಲುಗಳನ್ನು ಇಲ್ಲಿ ಎತ್ತಿ ಕೊಡುತ್ತೇನೆ. ಮೈಕೋ ಪ್ಲಗ್ಗು 16 ರೂಪಾಯಿ. ಕ್ಲಚ್ ಪ್ಲೇಟು 55. ಚೈನು ಮತ್ತು ಹಲ್ಲಿನ ಚಕ್ರ 190. ಇವು ನ್ಯಾಯವಾದ ಖರ್ಚುಗಳು. ಸವೆದದ್ದನ್ನು ಬದಲಿಸಲೇಬೇಕು. ಆಮೇಲೆ 1989ರ ದೀಪಾವಳಿಯ ಹೊತ್ತಿಗೆ ಬೇರೆ ಬಗೆಯ ಸಾಲುಗಳು ಶುರುವಾಗುತ್ತವೆ. “ದೊಡ್ಡ ಕಾರಬೇಟರ 450. ಇದ್ದದ್ದು ಛೊಲೊನ ಇತ್ತು.” “ಸೈಲೆನ್ಸರ ಕೊಯ್ಸಿ ಬೇರೆ ಮಾಡಿಸಿದ್ದು 120. ಸಪ್ಪಳ ಹೆಚ್ಚಾತು.” ಅಣ್ಣನ ಪಿಕಪ್ಪಿನ ಹುಚ್ಚಿಗೆ ಅವ್ವ ಬರೆದ ಟೀಕೆ ಇಷ್ಟೇ. ಬಾಯಿಬಿಟ್ಟು ಅವಳು ಏನೂ ಅಂದದ್ದು ನನಗೆ ನೆನಪಿಲ್ಲ.

ಗಾಡಿ ಮಾತ್ರ ಬಾಣದಂತೆ ಓಡತೊಡಗಿತು. ಅಣ್ಣನ ಗೆಳೆಯರು ಬಂದು ಬಂದು ಓಡಿಸಿ ನೋಡಿ ಬೆನ್ನು ತಟ್ಟಿ ಹೋಗುತ್ತಿದ್ದರು. 1990ರ ಬೇಸಿಗೆಯಲ್ಲಿ ಕಾರವಾರದ ಕಡೆಯಿಂದ ಬರುವಾಗ ಅಣಶಿ ಘಟ್ಟದ ಏರಿನಲ್ಲಿ ಎಂಜಿನ್ ಸೀಜ್ ಆಯಿತು. ಹೊಸ ಕಾರ್ಬೊರೇಟರಿಗೆ ಜೆಟ್ ಸರಿಯಾಗಿ ಕೂಡಿರಲಿಲ್ಲ. ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ, ಪೆಟ್ರೋಲಿನ ಜೊತೆಗೆ ಹೋಗಬೇಕಾದ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಕಾದು ಉಬ್ಬಿ ಬ್ಲಾಕಿಗೆ ಕಚ್ಚಿಕೊಂಡಿತು. ಗಾಡಿಯನ್ನು ಲಾರಿಯಲ್ಲಿ ಹಾಕಿ ತಂದರು. ಪುಟದಲ್ಲಿ ಹೀಗಿದೆ: ಪಿಸ್ಟನ್ ರಿಂಗು 210, ಬೋರ್ ಮಾಡಿದ್ದಕ್ಕೆ 70, ಕನೆಕ್ಟಿಂಗ್ ರಾಡು ಬೇರಿಂಗು 340, ಗ್ಯಾಸ್ಕೆಟ್ ಆಯಿಲ್ ಸೀಲು 45, ಲೇಥ್ ಕೆಲಸ 90, ಮಿಸ್ತ್ರಿಗೆ 200. ಒಟ್ಟು 955.

ಆ ವರ್ಷವೇ ನನ್ನ ಬಿ.ಎ. ಮುಗಿದಿತ್ತು. ಧಾರವಾಡಕ್ಕೆ ಹೋಗಿ ಬಿ.ಎಡ್. ಮಾಡುವುದೆಂದು ಮನೆಯಲ್ಲಿ ಮಾತಾಗಿ, ಅಂಚೆ ಕಚೇರಿಯ ಪುಸ್ತಕದಲ್ಲಿ ಸಾವಿರದೈನೂರು ರೂಪಾಯಿ ಕೂಡಿಸಿದ್ದರು. 955 ಹೋದದ್ದು ಅದರಿಂದಲೇ. ಗಾಡಿ ನಿಂತರೆ ಅಣ್ಣನ ದುಡಿಮೆ ನಿಲ್ಲುತ್ತದೆ, ಹುಡುಗಿಯ ಓದು ಒಂದು ವರ್ಷ ತಡವಾದರೆ ಏನಾದೀತು ಎಂಬುದು ಹಿರಿಯರ ವಿಚಾರ. ಆ ಒಂದು ವರ್ಷ ನಾನು ಮನೆಯಲ್ಲಿ ಕುಳಿತು ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಟ್ಟೆ. ಹೊಳೆಯ ದಂಡೆಗೆ ಬಟ್ಟೆ ಒಗೆಯಲು ಹೋದಾಗ, ನನ್ನ ಜೊತೆ ಓದಿದವರು ಧಾರವಾಡದ ಬಸ್ಸು ಹತ್ತಿ ಹೋದದ್ದನ್ನು ನೆನೆದು ಕಣ್ಣೀರು ಬಂದದ್ದುಂಟು. ನಮ್ಮ ಕಡೆ ಆಗ ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿಗೆ ಮುಂದಿನ ವರ್ಷ ಬರುವುದು ಪ್ರವೇಶದ ಅರ್ಜಿಯಲ್ಲ, ವರನ ಕಡೆಯವರು.

ಈಗ ಅಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ದನದ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಆ ರೋಡ್‌ಕಿಂಗನ್ನು ಹೊರತೆಗೆದು, ಅಪ್ಪ ಹರೆಯದಲ್ಲಿ ಹೇಗೆ ಇಟ್ಟಿದ್ದನೋ ಹಾಗೆಯೇ ಮಾಡಬೇಕೆಂದು ಹಟ ತೊಟ್ಟಿದ್ದಾನೆ. ಆ ದೊಡ್ಡ ಕಾರ್ಬೊರೇಟರಿಗೆ ಯಾರೋ ಒಂಬತ್ತು ಸಾವಿರ ಕೇಳಿದರಂತೆ. “ಅತ್ತಿ, ಅಪ್ಪ ಅದನ್ನ ಬರೇ ನಾನೂರೈವತ್ತಕ್ಕ ತಂದಿದ್ನಂತ. ಎಂಥಾ ಸೋವಿ ಕಾಲ ನೋಡ್ರಿ ನಿಮ್ದು!” ಎಂದ. ನಾನು ಅವ್ವನ ಪುಸ್ತಕ ತಂದು, ಕಾಗದ ಪೆನ್ನು ಹಿಡಿದು, ಅವನನ್ನು ಎದುರಿಗೆ ಕೂಡಿಸಿಕೊಂಡು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ನೀವೂ ನೋಡಿ.

ಮೊದಲನೆಯದು ದುಡಿಮೆಯ ಅಳತೆ. ಅಪ್ಪನ ಸಂಬಳ ದಿನಕ್ಕೆ ಬಿದ್ದದ್ದು ಸುಮಾರು 37 ರೂಪಾಯಿ. ನಾನೂರೈವತ್ತು ಎಂದರೆ ಹನ್ನೆರಡು ದಿನದ ದುಡಿಮೆ. ಇಂದು ನಮ್ಮ ಊರಿನ ಗಂಡಾಳಿನ ಕೂಲಿ ದಿನಕ್ಕೆ 500 ಎಂದು ಹಿಡಿದರೆ ಹನ್ನೆರಡು ದಿನಕ್ಕೆ ಆರು ಸಾವಿರ ಆಯಿತು. ಎರಡನೆಯದು ಅಕ್ಕಿಯ ಅಳತೆ. ಪುಸ್ತಕದಲ್ಲಿ ಅಕ್ಕಿ ಕಿಲೋಗೆ ನಾಲ್ಕೂವರೆ ರೂಪಾಯಿ. ನಾನೂರೈವತ್ತಕ್ಕೆ ಒಂದು ಕ್ವಿಂಟಲ್ ಅಕ್ಕಿ, ನಮ್ಮ ಮನೆಯ ಎರಡೂವರೆ ತಿಂಗಳ ಅನ್ನ. ಇಂದು ಸಾಧಾರಣ ಅಕ್ಕಿಯನ್ನು 50 ರೂಪಾಯಿ ಎಂದು ಹಿಡಿದರೆ ಐದು ಸಾವಿರ. ಮೂರನೆಯದು ನಮ್ಮ ಬಂಗಾರದ ಅಳತೆ. 1990ರಲ್ಲಿ ಬಂಗಾರ ಹತ್ತು ಗ್ರಾಮಿಗೆ ಸುಮಾರು 3,200 ರೂಪಾಯಿ. ನಾನೂರೈವತ್ತಕ್ಕೆ ಹತ್ತಿರ ಹತ್ತಿರ 1.4 ಗ್ರಾಮು. 2025ರ ಏಪ್ರಿಲ್‌ನಲ್ಲಿ ಬಂಗಾರ ಹತ್ತು ಗ್ರಾಮಿಗೆ ಒಂದು ಲಕ್ಷ ಮುಟ್ಟಿತು. ಆ ಲೆಕ್ಕದಲ್ಲಿ ಅಣ್ಣನ ಕಾರ್ಬೊರೇಟರಿನ ಬೆಲೆ ಹದಿನಾಲ್ಕು ಸಾವಿರ!

ಹುಡುಗ ಸುಮ್ಮನೆ ಕುಳಿತ. ದುಡಿಮೆಯಿಂದ ಅಳೆದರೆ ಇಂದಿನ ಬೆಲೆ ಒಂದೂವರೆ ಪಟ್ಟು ತುಟ್ಟಿ, ಬಂಗಾರದಿಂದ ಅಳೆದರೆ ಅಂದಿನದೇ ತುಟ್ಟಿ. ಇಪ್ಪತ್ತು ಪಟ್ಟು ಎಂದು ಅವನು ತಿಳಿದಿದ್ದ ಅಂತರ ಯಾವ ಅಳತೆಯಲ್ಲಿಯೂ ಉಳಿಯಲಿಲ್ಲ. ಇನ್ನು ಪ್ಲಗ್ಗಿನಂಥ ದಿನಬಳಕೆಯ ಸಾಮಾನು ನೋಡಿದರೆ ಅದು ಈಗಲೇ ಸೋವಿ. ಅಂದು ಹದಿನಾರು ರೂಪಾಯಿ ಎಂದರೆ ಅಪ್ಪನ ಹತ್ತಿರ ಹತ್ತಿರ ಅರ್ಧ ದಿನದ ಸಂಬಳ. ಇಂದು ಅರ್ಧ ದಿನದ ಕೂಲಿಗೆ ಪ್ಲಗ್ಗು ತಂದು, ಉಳಿದ ರೊಕ್ಕದಲ್ಲಿ ಮನೆಗೆ ತರಕಾರಿ ಒಯ್ಯಬಹುದು. ಹೀಗಿದ್ದೂ ನಮಗೆ ಹಿಂದಿನದೆಲ್ಲ ಸೋವಿ ಎಂದು ಕಾಣುವುದೇಕೆಂದರೆ, ನಾವು ಅಂದಿನ ದರವನ್ನು ಇಂದಿನ ಸಂಬಳದ ಕೈಯಿಂದ ಕೊಡುತ್ತಿರುತ್ತೇವೆ. ಆ ದರ ನೆನಪಿರುತ್ತದೆ, ಆ ತಿಂಗಳ ಕೊನೆಯ ವಾರ ನೆನಪಿರುವುದಿಲ್ಲ.

ಹಳೆಯ ಸಾಮಾನು ಈಗ ಇಷ್ಟು ಬೆಲೆಗೆ ಏರಿದ್ದಕ್ಕೆ ಬೇರೆ ಕಾರಣವೂ ಇದೆ. ಎಂಬತ್ತರ ದಶಕದ ನಡುವೆ ಜಪಾನಿನ ಕಂಪನಿಗಳ ಸಹಯೋಗದಲ್ಲಿ ನೂರು ಸಿ.ಸಿ.ಯ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷದ ಕೊನೆಗೆ ಯಮಾಹಾ ಆರ್‌ಎಕ್ಸ್ ಹಂಡ್ರೆಡ್. ಹೀರೋ ಹೋಂಡಾದ್ದು ಫೋರ್ ಸ್ಟ್ರೋಕ್. ಒಂದು ಲೀಟರಿಗೆ ಯೆಜ್ಡಿಯ ದುಪ್ಪಟ್ಟಿಗಿಂತ ಹೆಚ್ಚು ದೂರ ಹೋಗುತ್ತಿತ್ತು. ಮನೆ ನಡೆಸುವ ಹೆಂಗಸರು ಯಾವುದನ್ನು ಆರಿಸಿದರೆಂದು ಬೇರೆ ಹೇಳಬೇಕಾಗಿಲ್ಲ. 1991ರಲ್ಲಿ ವಾಹನಗಳ ಹೊಗೆಗೆ ನಿಯಮಗಳು ಬಂದವು, 1996ರಲ್ಲಿ ಅವು ಇನ್ನೂ ಬಿಗಿಯಾದವು. ಪೆಟ್ರೋಲಿನ ಒಂದು ಪಾಲನ್ನು ಸುಡದೆಯೇ ಹೊರಗೆ ಬಿಡುವ ಟೂ ಸ್ಟ್ರೋಕಿಗೆ ಅದು ಕಷ್ಟದ ಮಾತಾಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿತು. ಆರ್‌ಎಕ್ಸ್ ಹಂಡ್ರೆಡ್ ತಯಾರಿಕೆ ನಿಂತದ್ದೂ ಅದೇ ವರ್ಷ. ಅಲ್ಲಿಗೆ ಸಾಮಾನುಗಳ ಸಂಖ್ಯೆ ಇಷ್ಟೇ ಎಂದು ನಿಗದಿಯಾಯಿತು. ಸವೆದಂತೆಲ್ಲ ಕಡಿಮೆಯಾಗಬೇಕೇ ಹೊರತು ಹೆಚ್ಚುವಂತಿಲ್ಲ.

ಮೊದಮೊದಲು ಯಾರಿಗೂ ಬೇಡವಾಗಿತ್ತು. ಗುಜರಿಯವರು ತೂಕದ ಮೇಲೆ ಒಯ್ದರು. 1983ರಲ್ಲಿ ಬಂದ ರಾಜದೂತ್ 350 ಎಂಬ ಗಾಡಿ ಪೆಟ್ರೋಲು ಕುಡಿಯುತ್ತದೆಂದು ಅಂದು ಜನ ದೂರ ಇಟ್ಟರು. ಈಗ ಅದಕ್ಕೆ ಲಕ್ಷಗಟ್ಟಲೆ ಕೊಡಲು ಸಿದ್ಧರಿದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿಯವರು ಊರೂರಲ್ಲಿ ಸೇರಿ ಗಾಡಿಗಳ ಹಬ್ಬ ಮಾಡುತ್ತಾರೆ. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿಗೆ ಮತ್ತೆ ಜೀವ ಕೊಟ್ಟಿತು, 2022ರ ಜನವರಿಯಲ್ಲಿ ಯೆಜ್ಡಿಗೂ ಕೊಟ್ಟಿತು. ಅವು ಫೋರ್ ಸ್ಟ್ರೋಕ್ ಗಾಡಿಗಳು, ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. 2018ರಲ್ಲಿ ಹೊಸ ಜಾವಾದ ಬೆಲೆ ದೆಹಲಿಯಲ್ಲಿ 1 ಲಕ್ಷ 64 ಸಾವಿರ ಇತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಡುವ ಪದ್ಧತಿಯನ್ನು ಮಾತ್ರ ಹಳೆಯ ಮನೆತನದ ಗುರುತೆಂದು ಉಳಿಸಿಕೊಂಡರು. ಅಂದಿನ ಬಂಗಾರ ಹತ್ತು ಗ್ರಾಮಿಗೆ ಮೂವತ್ತೊಂದು ಸಾವಿರದ ಸುಮಾರು. ಅಂದರೆ ಐದು ತೊಲೆಗಿಂತ ಕಡಿಮೆ ಬಂಗಾರಕ್ಕೆ ಹೊಸ ಗಾಡಿ. ಅಣ್ಣನ ಹಳೆಯ ಗಾಡಿಯ ಎಂಟೂವರೆ ಸಾವಿರವೂ ಅಂದು ಎರಡು ತೊಲೆಯ ಮೇಲೆಯೇ ಆಗಿತ್ತು. ಯಾರೋ ಓಡಿಸಿ ಬಿಟ್ಟ ಗಾಡಿಗೆ!

ಇಷ್ಟೆಲ್ಲ ಲೆಕ್ಕದ ಮೇಲೂ ನನ್ನ ಮನಸ್ಸು ಹೋಗಿ ನಿಲ್ಲುವುದು ಅವ್ವನ ಪುಸ್ತಕದ ಬೇರೆ ಪುಟಗಳಲ್ಲಿ. ಯಾವ ತಿಂಗಳು ಗಾಡಿಯ ಪುಟ ತುಂಬುತ್ತದೆಯೋ ಆ ತಿಂಗಳು ಇತರ ಪುಟಗಳು ಬರಿದಾಗುತ್ತವೆ. ಕಾರ್ಬೊರೇಟರ್ ಬಂದ ತಿಂಗಳು ಬಟ್ಟೆಯ ಪುಟದಲ್ಲಿ, “ಸೀರಿ ಮುಂದ ನೋಡೂಣು.” ಎಂಜಿನ್ ಕೆಲಸದ ತಿಂಗಳು ದವಾಖಾನೆಯ ಪುಟದಲ್ಲಿ, “ಕಣ್ಣು ತೋರ್ಸೂದು ಮಳಿಗಾಲ ಮುಗದ ಮ್ಯಾಲೆ.” ಕೊಂಡದ್ದನ್ನು ಎಲ್ಲರೂ ಬರೆಯುತ್ತಾರೆ. ಅವ್ವ ಕೊಳ್ಳದೆ ಬಿಟ್ಟದ್ದನ್ನೂ ಬರೆದಿಟ್ಟಳು. ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲಿಯೂ ನನಗೆ ಸಿಗದ ದರಪಟ್ಟಿ ಅದು. ಕಾರ್ಬೊರೇಟರಿನ ಬೆಲೆ ನಾನೂರೈವತ್ತು ಮತ್ತು ಒಂದು ಸೀರೆ. ಎಂಜಿನ್ನಿನ ಬೆಲೆ ಒಂಬೈನೂರೈವತ್ತೈದು, ಒಂದು ಜೊತೆ ಕನ್ನಡಕ ಮತ್ತು ಮಗಳ ಒಂದು ವರ್ಷ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅಣ್ಣನಿಗೆ ಅನ್ಯಾಯ ಮಾಡಿದಂತಾಗುತ್ತದೆ. 1991ರ ಜೂನ್ ತಿಂಗಳ ಪುಟದಲ್ಲಿ, ಖರ್ಚಿನ ಕಡೆಯಲ್ಲ, ಜಮೆಯ ಕಡೆ ಒಂದು ಸಾಲಿದೆ: “ಗಾಡಿ ದೊಡ್ಡ ಕಾರಬೇಟರ, ಸೈಲೆನ್ಸರ ಮಾರಿದ್ದು 500.” ಅದರ ಎದುರಿಗೇ ಖರ್ಚಿನ ಕಡೆ: “ಬಿ.ಎಡ್. ಫೀ ಬಾಬತ್ತು 500.” ಅಣ್ಣ ಹುಬ್ಬಳ್ಳಿಗೆ ಹೋಗಿ ತನ್ನ ಪಿಕಪ್ಪಿನ ಸಾಮಾನೆಲ್ಲ ಬಿಚ್ಚಿ ಕೊಟ್ಟು, ಹಳೆಯ ಸಣ್ಣ ಕಾರ್ಬೊರೇಟರನ್ನೇ ಮತ್ತೆ ಕೂಡಿಸಿಕೊಂಡು ಬಂದಿದ್ದ. ಗಾಡಿಯ ಸದ್ದು ಬದಲಾದದ್ದನ್ನು ಕೇಳಿಯೇ ನನಗೆ ಅಂದೇ ತಿಳಿದಿತ್ತು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುವಾರ ಅದೇ ಗಾಡಿಯ ಹಿಂದೆ ನನ್ನ ಟ್ರಂಕನ್ನು ಹಗ್ಗದಿಂದ ಬಿಗಿದು, “ಗಟ್ಟಿ ಹಿಡ್ಕೊ ತಂಗಿ” ಎಂದು ಧಾರವಾಡದ ತನಕ ಬಿಟ್ಟು ಬಂದ. ಏರು ಬಂದಾಗೆಲ್ಲ ಗಾಡಿ ತೇಕುತ್ತಿತ್ತು.

ಈಗ ಅವನ ಮಗ ಒಂಬತ್ತು ಸಾವಿರ ಕೊಟ್ಟು ತರಬೇಕೆಂದಿರುವುದು ಅದೇ ಕಾರ್ಬೊರೇಟರಿನ ಜಾತಿಯದು. ಅದು ಎಲ್ಲಿ ಹೋಯಿತೆಂದು ಅಪ್ಪ ಅವನಿಗೆ ಹೇಳಿರಲಿಲ್ಲ. ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ನಾನೇ ತೋರಿಸಿದೆ. ಅವನು ಎರಡು ಸಲ ಓದಿಕೊಂಡು, “ಅಂದ್ರ ಅತ್ತಿ, ಅದು ನಿಮ್ಮ ಸರ್ಟಿಫಿಕೇಟಿನ್ಯಾಗ ಐತಿ” ಎಂದ. ತಂದೇ ತರುತ್ತೇನೆಂದು ಅವನ ಹಟ ಹಾಗೆಯೇ ಇದೆ. ತರಲಿ, ಅದು ಅವನ ದುಡಿಮೆಯ ರೊಕ್ಕ. ದರವನ್ನು ಮಾತ್ರ ಅವನೇ ಅಜ್ಜಿಯ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಬರೆದಿಡಬೇಕು ಎಂದು ನಾನು ಷರತ್ತು ಹಾಕಿದ್ದೇನೆ.

ಅಕ್ಕತಂಗಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೋ ಕಪಾಟಿನ ತಳದಲ್ಲೋ ನಿಮ್ಮ ಅವ್ವನ, ಅತ್ತೆಯ ಕೈಬರಹದ ಖರ್ಚಿನ ಪುಸ್ತಕಗಳಿದ್ದರೆ ಅವನ್ನು ರದ್ದಿಗೆ ಹಾಕಬೇಡಿ. ಗಂಡಸರು ಹಳೆಯ ಪಿಸ್ಟನ್ನು, ಹಳೆಯ ಸೈಲೆನ್ಸರುಗಳನ್ನು ಎಣ್ಣೆ ಹಚ್ಚಿ ಕಾಪಾಡುತ್ತಿದ್ದಾರೆ. ಅವುಗಳ ರಸೀದಿ ಇರುವುದು ನಮ್ಮ ಹತ್ತಿರ.